ಊರ ಮೈದಾನದಲ್ಲಿ ಬಣ್ಣದ ಲೆಕ್ಕ

ಆಸ್ಟ್ರೇಲಿಯಾದ ಸಣ್ಣ ಊರುಗಳಲ್ಲಿ ಚಳಿಗಾಲದ ಶನಿವಾರ ಎಂದರೆ ಆಟದ ದಿನ. ಊರ ಮೈದಾನದಲ್ಲಿ ಬೆಳಗಿನಿಂದ ಸಂಜೆವರೆಗೆ ಒಂದರ ಹಿಂದೊಂದು ಫುಟ್‌ಬಾಲ್ ಪಂದ್ಯಗಳು, ಪಕ್ಕದ ಅಂಕಣದಲ್ಲಿ ನೆಟ್‌ಬಾಲ್. ತಂಡ ಕಟ್ಟುವವರು, ಮೈದಾನಕ್ಕೆ ಗೆರೆ ಎಳೆಯುವವರು, ಅಂಕ ಬರೆಯುವವರು, ಕ್ಯಾಂಟೀನಿನಲ್ಲಿ ನಿಲ್ಲುವವರು ಬಹುಪಾಲು ಸಂಬಳವಿಲ್ಲದೆ ದುಡಿಯುವ ಊರಿನವರೇ. ಸಮುದಾಯ ಕ್ರೀಡೆ ಎಂದು ಕರೆಯುವುದು ಇದನ್ನೇ. ಊರಿಗೆ ಹೊಸದಾಗಿ ಬಂದವರಿಗೆ ಗೆಳೆತನ ಸಿಗುವುದು, ಹುಡುಗರಿಗೆ ಕೆಲಸದ ಸುಳಿವು ಸಿಗುವುದು, ಕಷ್ಟಕ್ಕೆ ನಾಲ್ಕು ಜನ ಕೂಡುವುದು ಎಷ್ಟೋ ಸಲ ಈ ಕ್ಲಬ್ಬುಗಳ ಮೂಲಕ. ಕ್ಲಬ್ಬಿನಲ್ಲಿ ಜಾಗವಿಲ್ಲದವರಿಗೆ ಊರಲ್ಲೂ ಅರ್ಧ ಜಾಗ ಮಾತ್ರ. ಮೂಲನಿವಾಸಿ ಆಟಗಾರರು ಇಲ್ಲಿ ಎದುರಿಸುವ ಜನಾಂಗೀಯ ತಾರತಮ್ಯ ಬರೀ ಆಟದ ಸಂಗತಿಯಾಗಿ ಉಳಿಯದಿರುವುದು ಇದರಿಂದಲೇ.

ಇಲ್ಲಿ ಫುಟ್‌ಬಾಲ್ ಎಂದರೆ ಕನ್ನಡಿಗರು ಬಲ್ಲ ಕಾಲ್ಚೆಂಡಾಟವಲ್ಲ. ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಡಾಕಾರದ ಬಯಲಿನಲ್ಲಿ ತಂಡಕ್ಕೆ 18 ಮಂದಿಯಂತೆ ಆಡುವ ಆಸ್ಟ್ರೇಲಿಯನ್ ರೂಲ್ಸ್ ಅದು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡಿನಲ್ಲಿ ಅದರ ಜಾಗವನ್ನು ಹೆಚ್ಚಾಗಿ ರಗ್ಬಿ ಲೀಗ್ ತುಂಬುತ್ತದೆ. ಮೂಲನಿವಾಸಿಗಳೆಂದರೆ ಅಬೊರಿಜಿನಲ್ ಜನ ಮತ್ತು ಟೊರೆಸ್ ಜಲಸಂಧಿಯ ದ್ವೀಪವಾಸಿಗಳು. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 4ನ್ನೂ ಮುಟ್ಟುವುದಿಲ್ಲ. ಆದರೆ ಫುಟ್‌ಬಾಲಿನ ಅತ್ಯುನ್ನತ ಪಂದ್ಯಾವಳಿಯಾದ ಎಎಫ್‌ಎಲ್‌ನಲ್ಲಿ ಅವರ ಪಾಲು ಬಹಳ ವರ್ಷ ಶೇ 10ರ ಆಸುಪಾಸಿನಲ್ಲಿತ್ತು. ಈ ಅಂಕಿಯನ್ನೇ ಮುಂದಿಟ್ಟು, ಕ್ರೀಡೆಯಲ್ಲಿ ತಾರತಮ್ಯ ಮುಗಿದುಹೋಗಿದೆ ಎಂದು ವಾದಿಸುವವರಿದ್ದಾರೆ. ಆ ವಾದ ಒಂದು ಸಂಗತಿಯನ್ನು ಮರೆಯುತ್ತದೆ: ದಾಟಿ ಬಂದವರ ಲೆಕ್ಕ ಅಂಕಿಯಲ್ಲಿದೆ, ಹತ್ತು-ಹನ್ನೆರಡರ ವಯಸ್ಸಿನಲ್ಲೇ ಊರ ಮೈದಾನ ಬಿಟ್ಟು ಹೋದವರ ಲೆಕ್ಕವಿಲ್ಲ. 2020ರಿಂದೀಚೆಗೆ ಎಎಫ್‌ಎಲ್‌ನಲ್ಲೂ ಮೂಲನಿವಾಸಿ ಆಟಗಾರರ ಸಂಖ್ಯೆ ಇಳಿಯುತ್ತಿದೆ.

ಈ ಕಥೆ ಫುಟ್‌ಬಾಲಿನಿಂದಲ್ಲ, ಕ್ರಿಕೆಟ್‌ನಿಂದ ಶುರುವಾಗುತ್ತದೆ. ಇಂಗ್ಲೆಂಡ್ ಪ್ರವಾಸ ಮಾಡಿದ ಆಸ್ಟ್ರೇಲಿಯಾದ ಮೊದಲ ಕ್ರಿಕೆಟ್ ತಂಡ ಪಶ್ಚಿಮ ವಿಕ್ಟೋರಿಯಾದ ಕುರಿ ಸಾಕಣೆ ಕೇಂದ್ರಗಳಲ್ಲಿ ದುಡಿಯುತ್ತಿದ್ದ ಅಬೊರಿಜಿನಲ್ ಯುವಕರದ್ದು. 1868ರಲ್ಲಿ ಅವರು 47 ಪಂದ್ಯ ಆಡಿದರು. 14 ಗೆದ್ದರು, 14 ಸೋತರು, ಉಳಿದವು ಡ್ರಾ ಆದವು. ಜಾನಿ ಮುಲ್ಲಾ ಎಂದು ಹೆಸರಾದ ಉನಾರಿಮಿನ್ ಆ ಪ್ರವಾಸದಲ್ಲಿ 1,698 ರನ್ ಹೊಡೆದು 245 ವಿಕೆಟ್ ಕಿತ್ತ. ಪ್ರವಾಸದ ಮರುವರ್ಷವೇ ವಿಕ್ಟೋರಿಯಾ ಸರ್ಕಾರ ಅಬೊರಿಜಿನಲ್ ರಕ್ಷಣಾ ಕಾಯ್ದೆ ತಂದಿತು. ಅಬೊರಿಜಿನಲ್ ಜನ ಎಲ್ಲಿ ವಾಸಿಸಬೇಕು, ಎಲ್ಲಿ ದುಡಿಯಬೇಕು ಎಂಬುದನ್ನೆಲ್ಲ ಮಂಡಳಿಯೊಂದು ತೀರ್ಮಾನಿಸತೊಡಗಿತು. ಹೊರದೇಶಕ್ಕೆ ಹೋಗಿ ಆಡಿ ಬಂದ ತಂಡ ಮತ್ತೆ ಕಟ್ಟಿಕೊಳ್ಳಲೇ ಇಲ್ಲ. ಮುಲ್ಲಾ ಉಳಿದ ಬಾಳಿನ ಬಹುಪಾಲನ್ನು ಹ್ಯಾರೋ ಎಂಬ ಊರಿನ ಸುತ್ತಮುತ್ತ ಆಡುತ್ತಲೇ ಕಳೆದು 1891ರಲ್ಲಿ ತೀರಿಕೊಂಡ.

ಇಂಥ ಕಾಯ್ದೆಗಳು ಆಟಗಾರನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವು ಎಂಬುದಕ್ಕೆ ಎಡ್ಡಿ ಗಿಲ್ಬರ್ಟ್‌ನ ಬದುಕನ್ನು ನೋಡಬೇಕು. ಅಬೊರಿಜಿನಲ್ ಜನರನ್ನು ಇರಿಸಲು ಸರ್ಕಾರ ನಡೆಸುತ್ತಿದ್ದ ಕ್ವೀನ್ಸ್‌ಲೆಂಡಿನ ಬರಂಬಾ ವಸಾಹತಿನಲ್ಲಿ ಬೆಳೆದ ಈ ವೇಗದ ಬೌಲರ್ 1931ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಡಾನ್ ಬ್ರಾಡ್ಮನ್‌ರನ್ನು ಸೊನ್ನೆಗೆ ಔಟ್ ಮಾಡಿದ. ಅಂಥವನು ಪ್ರತಿ ಪಂದ್ಯಕ್ಕೆ ವಸಾಹತು ಬಿಟ್ಟು ಹೊರಡಲು ಸರ್ಕಾರಿ ಅಧಿಕಾರಿಯ ಅನುಮತಿ ಪಡೆಯಬೇಕಿತ್ತು. ಅವನ ಬೌಲಿಂಗ್ ಶೈಲಿಯನ್ನು ಅಂಪೈರುಗಳು ಮತ್ತೆ ಮತ್ತೆ ಶಂಕಿಸಿದರು. 1936ರಲ್ಲಿ ಅವನ ಕ್ರಿಕೆಟ್ ಮುಗಿಯಿತು ಎಂದಾಗ, ಕೊಡಿಸಿದ್ದ ಆಟದ ಬಟ್ಟೆಗಳನ್ನು ಒಗೆಸಿ ಹಿಂದಿರುಗಿಸುವಂತೆ ರಾಜ್ಯದ ಕ್ರಿಕೆಟ್ ಸಂಸ್ಥೆ ಅಧಿಕಾರಿಗಳಿಗೆ ಪತ್ರ ಬರೆಯಿತು. ಬ್ರಾಡ್ಮನ್‌ರನ್ನು ಉರುಳಿಸಿದವನ ಮೈಮೇಲಿನ ಬಿಳಿ ಅಂಗಿಯೂ ಅವನದಾಗಿರಲಿಲ್ಲ.

ಡಗ್ ನಿಕೋಲ್ಸ್ 1906ರಲ್ಲಿ ಹುಟ್ಟಿದ್ದು ಮರ್ರೆ ನದಿ ದಡದ ಕಮ್ಮರಗುಂಜ ವಸಾಹತಿನಲ್ಲಿ. 1927ರಲ್ಲಿ ಮೆಲ್ಬರ್ನಿನ ಕಾರ್ಲ್‌ಟನ್ ಕ್ಲಬ್ಬಿಗೆ ಅಭ್ಯಾಸಕ್ಕೆಂದು ಹೋದಾಗ ಅವರ ಬಣ್ಣ ನೋಡಿ ಕ್ಲಬ್ಬಿನ ಮಾಲೀಸಿನವರು ಮೈಗೆ ಕೈ ಹಚ್ಚಲು ಒಪ್ಪಲಿಲ್ಲ. ಇವನ ಮೈ ನಾರುತ್ತದೆ ಎಂಬ ಮಾತೂ ಬಂತು. ನಿಕೋಲ್ಸ್ ಹೊರನಡೆದರು. ನಾರ್ತ್‌ಕೋಟ್ ಕ್ಲಬ್ಬಿಗೆ ಆಡಿ ಹೆಸರು ಮಾಡಿ, 1932ರಲ್ಲಿ ಫಿಟ್ಜ್‌ರಾಯ್ ಸೇರಿದರು. ಮುಂದೆ ಪಾದ್ರಿಯಾಗಿ, ಹೋರಾಟಗಾರರಾಗಿ ಬೆಳೆದು 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. ಮೈ ಮುಟ್ಟದ ಈ ತಿರಸ್ಕಾರವನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಪುಣೆಯ ಕ್ಲಬ್ಬಿಗೆ ವಿಕೆಟ್ ಮೇಲೆ ವಿಕೆಟ್ ಕಿತ್ತುಕೊಡುತ್ತಿದ್ದ ಕಾಲದಲ್ಲೂ, ದಲಿತ ಎಂಬ ಕಾರಣಕ್ಕೆ ಅವರ ಚಹಾ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಬರುತ್ತಿತ್ತು.

ನಿಕೋಲ್ಸ್ ಹುಟ್ಟಿದ ಕಮ್ಮರಗುಂಜದ ತಂಡ ಸುತ್ತಲಿನ ಬಿಳಿಯರ ತಂಡಗಳನ್ನು ಸೋಲಿಸಿ ಸ್ಥಳೀಯ ಲೀಗಿನಲ್ಲಿ ಪ್ರಶಸ್ತಿ ಮೇಲೆ ಪ್ರಶಸ್ತಿ ಗೆಲ್ಲುತ್ತಿತ್ತು. ಗೆಲುವು ಹೆಚ್ಚಾದಾಗ ನಿಯಮವೇ ಬದಲಾಯಿತು: ಕಮ್ಮರಗುಂಜದವರಿಗೆ ವಯಸ್ಸಿನ ಮಿತಿ ಬಂತು, ಅನುಭವಿಗಳು ಹೊರಗುಳಿದರು. ಈ ಪ್ರಸಂಗವನ್ನು ಒತ್ತಿ ಹೇಳಬೇಕಾಗುತ್ತದೆ. ಯಾರೂ ಬೈಯಲಿಲ್ಲ, ಯಾರೂ ಕೈ ಮಾಡಲಿಲ್ಲ. ಸಭೆ ಸೇರಿ, ಗೊತ್ತುವಳಿ ಮಂಡಿಸಿ, ಕೈ ಎತ್ತಿ ಒಂದು ಊರಿನವರನ್ನು ಆಟದಿಂದ ಕಡಿಮೆ ಮಾಡಲಾಯಿತು. ಜನಾಂಗಭೇದ ಎಂದೊಡನೆ ಪ್ರೇಕ್ಷಕನ ಬೈಗುಳವಷ್ಟೇ ಕಣ್ಣಿಗೆ ಕಟ್ಟುತ್ತದೆ. ಊರ ಕ್ರೀಡೆಯಲ್ಲಿ ಅದರ ಹೆಚ್ಚು ಬಾಳಿಕೆಯ ರೂಪ ಸಭೆಯ ನಡಾವಳಿಯಲ್ಲಿ ಇರುತ್ತದೆ.

ಆಟದ ಜಾಗಗಳಲ್ಲಿ ಪ್ರತ್ಯೇಕತೆಯೂ ಇತ್ತು. ನ್ಯೂ ಸೌತ್ ವೇಲ್ಸಿನ ಮೋರಿ ಪಟ್ಟಣದ ಈಜುಕೊಳಕ್ಕೆ ಅಬೊರಿಜಿನಲ್ ಜನರನ್ನು ಬಿಡಬಾರದೆಂದು ಪುರಸಭೆಯೇ ನಿಯಮ ಮಾಡಿತ್ತು. 1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ತಾವೂ ಅಬೊರಿಜಿನಲ್ ಆಗಿದ್ದ ಚಾರ್ಲ್ಸ್ ಪರ್ಕಿನ್ಸ್ ಮುಂದಾಳತ್ವದಲ್ಲಿ ಬಸ್ಸಿನಲ್ಲಿ ಬಂದು, ಅಬೊರಿಜಿನಲ್ ಮಕ್ಕಳನ್ನು ಕರೆದುಕೊಂಡು ಆ ಕೊಳದ ಬಾಗಿಲಿಗೆ ಹೋದರು. ಜನ ಮುತ್ತಿಕೊಂಡರು, ಮೊಟ್ಟೆ, ಟೊಮ್ಯಾಟೊ ಎಸೆದರು, ದೇಶವಿಡೀ ಸುದ್ದಿಯಾಯಿತು. ಪರ್ಕಿನ್ಸ್ ಸ್ವತಃ ಕಾಲ್ಚೆಂಡಾಟಗಾರ. ಅಡಿಲೇಡಿನಲ್ಲಿ ಕ್ರೊಯೇಷಿಯನ್ನರ, ಸಿಡ್ನಿಯಲ್ಲಿ ಗ್ರೀಕರ ಕ್ಲಬ್ಬಿಗೆ ಆಡಿದವರು. ಹಳೆಯ ಬಿಳಿಯರ ಸಮಾಜ ಹತ್ತಿರ ಸೇರಿಸದವರಿಗೆ ಆಗಷ್ಟೇ ವಲಸೆ ಬಂದವರ ಕ್ಲಬ್ಬುಗಳು ಬಾಗಿಲು ತೆರೆದವು. ಊರ ಕ್ರೀಡೆ ಬೇರೆ ಥರವೂ ಇರಬಹುದಿತ್ತು ಎಂಬುದಕ್ಕೆ ಇದೇ ಸಾಕ್ಷಿ. ತಾರತಮ್ಯ ಆ ಕಾಲದ ಸಹಜ ಗುಣವಾಗಿತ್ತು ಎಂಬ ಸಮಾಧಾನ ಒಪ್ಪತಕ್ಕದ್ದಲ್ಲ.

ಕಾನೂನು ಬದಲಾದ ಮೇಲೂ ಮೈದಾನ ಬದಲಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಕ್ವೀನ್ಸ್‌ಲೆಂಡಿನ ಟೂವೂಂಬ ತೋರಿಸಿತು. ಅಲ್ಲಿನ ಮೈದಾನದ ಒಂದು ಪ್ರೇಕ್ಷಕ ಗ್ಯಾಲರಿಗೆ ಬ್ರೌನ್ ಎಂಬ ಹಳೆಯ ರಗ್ಬಿ ಆಟಗಾರನ ಹೆಸರಿತ್ತು. ಅವನು ಬಿಳಿಯ. ಆದರೆ ಅವನ ಅಡ್ಡಹೆಸರು ಕಪ್ಪು ಜನರನ್ನು ಹೀಗಳೆಯುವ ಪದವಾಗಿದ್ದು, ಅದನ್ನೂ ಸೇರಿಸಿ ದೊಡ್ಡ ಅಕ್ಷರಗಳಲ್ಲಿ ಫಲಕದ ಮೇಲೆ ಬರೆಸಲಾಗಿತ್ತು. 1999ರಲ್ಲಿ ಅಬೊರಿಜಿನಲ್ ಹೋರಾಟಗಾರ ಸ್ಟೀಫನ್ ಹೇಗನ್ ಆ ಪದ ತೆಗೆಯಲು ಕೇಳಿದರು. ಮೈದಾನದ ಟ್ರಸ್ಟಿಗಳು ಒಪ್ಪಲಿಲ್ಲ. 1975ರಿಂದಲೇ ಜಾರಿಯಲ್ಲಿದ್ದ ಜನಾಂಗೀಯ ತಾರತಮ್ಯ ಕಾಯ್ದೆಯಡಿ ಹೇಗನ್ ಫೆಡರಲ್ ನ್ಯಾಯಾಲಯಕ್ಕೆ ಹೋದರು, ಸೋತರು. ಹೈಕೋರ್ಟ್ ಮೇಲ್ಮನವಿಗೂ ಅವಕಾಶ ಕೊಡಲಿಲ್ಲ. ವಿಶ್ವಸಂಸ್ಥೆಯ ಸಮಿತಿ 2003ರಲ್ಲಿ ಪದ ತೆಗೆಯಿರಿ ಎಂದು ಹೇಳಿದ ಮೇಲೂ ಫಲಕ ಅಲ್ಲೇ ಇತ್ತು. 2008ರಲ್ಲಿ ಗ್ಯಾಲರಿಯನ್ನೇ ಕೆಡವಿದಾಗಷ್ಟೇ ಅದು ಹೋಯಿತು. ಅಷ್ಟೂ ವರ್ಷ ಅಬೊರಿಜಿನಲ್ ಮಕ್ಕಳು ಆ ಪದದ ಎದುರಿಗೇ ಆಡಿದರು.

ಇಂದಿನ ಊರ ಕ್ರೀಡೆಯಲ್ಲಿ ತಾರತಮ್ಯ ಹಲವು ಮುಖಗಳಲ್ಲಿ ಬರುತ್ತದೆ. ಎದುರಾಳಿಯ ತಾಳ್ಮೆ ಕೆಡಿಸಲು ಆಟಗಾರ ಬೈಯುತ್ತಾನೆ. ಬೇಲಿಗೆ ಒರಗಿ ನಿಂತ ಪ್ರೇಕ್ಷಕ, ಕೆಲವೊಮ್ಮೆ ಮಗುವನ್ನು ಆಡಿಸಲು ಕರೆತಂದ ತಂದೆಯೇ, ಇನ್ನೊಬ್ಬರ ಮಗುವಿನ ಬಣ್ಣ ಹಿಡಿದು ಕೂಗುತ್ತಾನೆ. ಸ್ವಂತ ತಂಡದೊಳಗೆ ಅದು ತಮಾಷೆಯ ವೇಷ ತೊಡುತ್ತದೆ: ಅಡ್ಡಹೆಸರು, ಕುಡಿತದ ಬಗ್ಗೆ, ಸರ್ಕಾರಿ ನೆರವಿನ ಬಗ್ಗೆ ನಗೆಮಾತು. ಇದು ಬೈಗುಳಕ್ಕಿಂತ ಕಷ್ಟದ್ದು. ಬೈದವನು ಎದುರಾಳಿ, ಅವನನ್ನು ದೂರಬಹುದು. ನಕ್ಕವರು ವಾರವಿಡೀ ಜೊತೆಗಿರುವ ಗೆಳೆಯರು, ಬೇಸರಿಸಿಕೊಂಡರೆ ತಮಾಷೆ ಅರ್ಥವಾಗದವನೆಂಬ ಹೆಸರು. ಹೊಗಳಿಕೆಯಲ್ಲೂ ಭೇದ ಅಡಗಿರುತ್ತದೆ. ಅಬೊರಿಜಿನಲ್ ಆಟಗಾರನ ಕೌಶಲವನ್ನು ಹುಟ್ಟುಗುಣ, ಮಾಯೆ ಎಂದು ಕೊಂಡಾಡುವವರು ಅವನ ಅಭ್ಯಾಸವನ್ನೂ ಬುದ್ಧಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಯಕ, ತರಬೇತುದಾರ, ಆಯ್ಕೆಗಾರ, ಕ್ಲಬ್ ಅಧ್ಯಕ್ಷ ಎಂಬ ಜಾಗಗಳಿಗೆ ಹೆಸರು ಹುಡುಕುವಾಗ ಅವನು ನೆನಪಿಗೆ ಬರುವುದೂ ಇಲ್ಲ.

ಮೆಚ್ಚುಗೆಯನ್ನೇ ತಡೆಹಿಡಿಯುವುದೂ ಉಂಟು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಚಿನ್ನ ಗೆದ್ದ ಕ್ಯಾಥಿ ಫ್ರೀಮನ್, ಚಿಕ್ಕವಳಿದ್ದಾಗ ಊರಿನ ಕ್ರೀಡಾಕೂಟವೊಂದರಲ್ಲಿ ತಾನು ಗೆದ್ದ ಓಟಗಳ ಬಹುಮಾನ ತನ್ನ ಹಿಂದೆ ಬಂದ ಬಿಳಿಯ ಹುಡುಗಿಯರ ಪಾಲಾದದ್ದನ್ನು ಹೇಳಿಕೊಂಡಿದ್ದಾರೆ. ನೆಟ್‌ಬಾಲಿನಲ್ಲಿ ಅಬೊರಿಜಿನಲ್ ಹುಡುಗಿಯರು ಊರ ಮಟ್ಟದಲ್ಲಿ ಬೇಕಾದಷ್ಟಿದ್ದಾರೆ. ಆದರೂ 2022ರಲ್ಲಿ ದೇಶದ ತಂಡಕ್ಕೆ ಬಂದ ನೂಂಗರ್ ಸಮುದಾಯದ ಡಾನೆಲ್ ವಾಲಮ್ ಆ ಜಾಗ ತಲುಪಿದ ಮೂರನೆಯ ಅಬೊರಿಜಿನಲ್ ಆಟಗಾರ್ತಿ ಮಾತ್ರ. ಊರ ಅಂಕಣದಿಂದ ದೇಶದ ತಂಡದವರೆಗಿನ ದಾರಿಯಲ್ಲಿ ಉಳಿದವರೆಲ್ಲ ಕಳೆದುಹೋದದ್ದು ಪ್ರತಿಭೆಯ ಕೊರತೆಯಿಂದಲ್ಲ.

ದೊಡ್ಡ ಲೀಗುಗಳಲ್ಲಿ ಮೌನ ಮುರಿದ ದಿನಗಳು ಪ್ರಸಿದ್ಧ. 1993ರ ಏಪ್ರಿಲ್ 17ರಂದು ಮೆಲ್ಬರ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಕಾಲಿಂಗ್‌ವುಡ್ ಅಭಿಮಾನಿಗಳು ದಿನವಿಡೀ ನಿಂದಿಸಿದ ಮೇಲೆ, ಸೇಂಟ್ ಕಿಲ್ಡಾದ ನಿಕಿ ವಿನ್ಮಾರ್ ಪಂದ್ಯ ಗೆದ್ದು, ಜರ್ಸಿ ಎತ್ತಿ ತನ್ನ ಕಪ್ಪು ಹೊಟ್ಟೆಯತ್ತ ಬೆರಳು ತೋರಿಸಿದರು. ಆ ಕ್ಷಣದ ಛಾಯಾಚಿತ್ರ ಆಸ್ಟ್ರೇಲಿಯಾದ ಶಾಲಾಪಾಠವೇ ಆಗಿಹೋಗಿದೆ. 1995ರಲ್ಲಿ ಎಸೆಂಡನ್ನಿನ ಮೈಕೆಲ್ ಲಾಂಗ್ ತನ್ನನ್ನು ನಿಂದಿಸಿದ ಎದುರಾಳಿಯ ವಿರುದ್ಧ ದೂರು ಕೊಟ್ಟು ಹಿಂದೆ ಸರಿಯದೆ ನಿಂತರು. ಅದೇ ವರ್ಷ ಎಎಫ್‌ಎಲ್ ಜನಾಂಗೀಯ ನಿಂದನೆಯನ್ನು ತಪ್ಪೆಂದು ಸಾರುವ 30ನೇ ನಿಯಮವನ್ನು ತಂದಿತು. ಮುಂದೆ ಊರ ಲೀಗುಗಳೂ ಅಂಥ ನಿಯಮಗಳನ್ನು ಒಂದೊಂದಾಗಿ ಬರೆದುಕೊಂಡವು.

ಆಡಂ ಗುಡ್ಸ್ ವಿಕ್ಟೋರಿಯಾದ ಮೆರ್ಬೀನ್, ಹಾರ್ಷಮ್‌ನಂಥ ಊರುಗಳಲ್ಲಿ ಆಡಿ ಬೆಳೆದವರು. ಸಿಡ್ನಿ ಸ್ವಾನ್ಸ್ ಪರ 372 ಪಂದ್ಯ ಆಡಿದರು, ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕವನ್ನು ಎರಡು ಸಲ ಗೆದ್ದರು. 2013ರ ಮೇ ತಿಂಗಳಲ್ಲಿ, ಮೂಲನಿವಾಸಿಗಳ ಗೌರವಕ್ಕೆಂದೇ ಮೀಸಲಾದ ಸುತ್ತಿನ ಪಂದ್ಯದಲ್ಲಿ, 13 ವರ್ಷದ ಹುಡುಗಿಯೊಬ್ಬಳು ಅವರನ್ನು ಮಂಗಕ್ಕೆ ಹೋಲಿಸಿ ಕೂಗಿದಳು. ಗುಡ್ಸ್ ಅವಳತ್ತ ಬೆರಳು ಮಾಡಿದರು. ಮರುದಿನ, ಆ ಮಗುವನ್ನು ಯಾರೂ ದೂಷಿಸಬೇಡಿ, ಅವಳಿಗೆ ಆಸರೆ ಬೇಕು ಎಂದೂ ಕೇಳಿಕೊಂಡರು. ಮುಂದಿನ ಎರಡು ಋತುಗಳಲ್ಲಿ, ಅದರಲ್ಲೂ ಅವರು 2014ರ ವರ್ಷದ ಆಸ್ಟ್ರೇಲಿಯನ್ ಗೌರವ ಪಡೆದು ಜನಾಂಗಭೇದದ ಬಗ್ಗೆ ಮಾತಾಡಿದ ಮೇಲೆ, ಚೆಂಡು ಕೈಗೆ ಬಂದಾಗಲೆಲ್ಲ ಗ್ಯಾಲರಿಗಳು ಅವರನ್ನು ಊಳಿಟ್ಟು ಹೀಯಾಳಿಸಿದವು. 2015ರಲ್ಲಿ ಅವರು ವಿದಾಯದ ಸುತ್ತನ್ನೂ ಹಾಕದೆ ಆಟ ಬಿಟ್ಟರು. ಎಎಫ್‌ಎಲ್ ಕ್ಷಮೆ ಕೇಳಿದ್ದು 2019ರಲ್ಲಿ. ವಿನ್ಮಾರ್ ಜರ್ಸಿ ಎತ್ತಿ 30 ವರ್ಷವಾದ ಮೇಲೆ, 2023ರಲ್ಲಿ, ಯುವ ಆಟಗಾರ ಜಮಾರ ಉಗ್ಲೆ-ಹೇಗನ್ ಅಂಥದೇ ನಿಂದನೆಗೆ ಅದೇ ರೀತಿ ಜರ್ಸಿ ಎತ್ತಿ ಉತ್ತರಿಸಬೇಕಾಯಿತು.

ಇಷ್ಟೆಲ್ಲ ಕ್ಯಾಮೆರಾ, ಧ್ವನಿಮುದ್ರಣ, ಆಟಗಾರರ ಸಂಘ, ವಕೀಲರು ಇರುವ ಕಡೆ ನಡೆದದ್ದು. ಊರ ಮೈದಾನದಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ದೂರಿನ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಅಂಪೈರ್ ಕೇಳಿಸಿಕೊಂಡಿದ್ದರೆ ಅವನೇ ವರದಿ ಮಾಡಬೇಕು, ಇಲ್ಲವಾದರೆ ನೊಂದವನು ತನ್ನ ಕ್ಲಬ್ಬಿನ ಮೂಲಕ ಕೆಲವೇ ದಿನಗಳಲ್ಲಿ ಲೀಗಿಗೆ ಬರೆದು ಕೊಡಬೇಕು. ಮೊದಲು ಇಬ್ಬರನ್ನೂ ಕೂರಿಸಿ ರಾಜಿ ಮಾತುಕತೆ, ಅದು ಮುರಿದರೆ ವಿಚಾರಣಾ ಮಂಡಳಿ. ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಅಂಪೈರ್ ಎಷ್ಟೋ ಸಲ ಹದಿಹರೆಯದ ಹುಡುಗ, ಎದುರಿಗಿರುವುದು ಊರ ದೊಡ್ಡವರು. ಮಂಡಳಿಯಲ್ಲಿ ಕೂರುವವರು ಆರೋಪಿಯ ಜೊತೆ ಓದಿದವರೋ, ಅವನ ಅಂಗಡಿಯ ಗಿರಾಕಿಗಳೋ ಆಗಿರುತ್ತಾರೆ. ಸಾಕ್ಷಿ ಕೇಳಿದರೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು. ಮೈದಾನದಲ್ಲಿ ಆದದ್ದನ್ನು ಮೈದಾನದಲ್ಲೇ ಬಿಡಬೇಕು ಎಂಬ ಹಳೆಯ ಬುದ್ಧಿಮಾತು ಬೇರೆ.

ಇದರ ಅತ್ಯಂತ ಅನ್ಯಾಯದ ಪರಿಣಾಮ ಶಿಕ್ಷೆಯ ಲೆಕ್ಕದಲ್ಲಿ ಕಾಣುತ್ತದೆ. ಬೈಗುಳ ಕಿವಿಗೆ ಬಿದ್ದವರು ಇಬ್ಬರು-ಮೂವರು. ಬೈಸಿಕೊಂಡವನು ಸಿಟ್ಟಿಗೆದ್ದು ಹೊಡೆದರೆ ಅದನ್ನು ಮೈದಾನವೇ ನೋಡಿರುತ್ತದೆ. ಹೊಡೆತಕ್ಕೆ ವಾರಗಟ್ಟಲೆ ನಿಷೇಧ, ಬೈಗುಳಕ್ಕೆ ಪುರಾವೆಯಿಲ್ಲ. ಹೀಗೆ ದಾಖಲೆಯಲ್ಲಿ ಉಳಿಯುವುದು ಅಬೊರಿಜಿನಲ್ ಆಟಗಾರ ಒರಟ ಎಂಬ ಸಾಲೊಂದೇ, ಮುಂದಿನ ಸಲ ಅವನು ದೂರು ಕೊಟ್ಟಾಗ ಅವನ ವಿರುದ್ಧವೇ ಓದುವುದಕ್ಕೆ. ದೂರು ಗೆದ್ದರೂ ಮುಂದಿನ ಶನಿವಾರ ಅದೇ ಜನರ ನಡುವೆ ಆಡಬೇಕು, ಸೋಮವಾರ ಅದೇ ಊರಲ್ಲಿ ಕೆಲಸ ಹುಡುಕಬೇಕು. ಬಹಳ ಕುಟುಂಬಗಳು ದೂರಿನ ಬದಲು ಮಗುವನ್ನು ಆಟದಿಂದಲೇ ಬಿಡಿಸುತ್ತವೆ. ದೂರುಗಳು ಕಡಿಮೆ ಎಂದರೆ ತೊಂದರೆ ಕಡಿಮೆ ಎಂದು ಓದಿಕೊಳ್ಳುವ ಲೀಗುಗಳು ಈ ಮೌನವನ್ನೇ ತಮ್ಮ ಯಶಸ್ಸೆಂದು ಬಗೆಯುತ್ತವೆ.

ಈ ಅನುಭವ ಮೈಮನಸ್ಸುಗಳನ್ನು ಹೇಗೆ ಸವೆಸುತ್ತದೆ ಎಂಬುದಕ್ಕೆ ಆಧಾರಗಳಿವೆ. ವಿಕ್ಟೋರಿಯಾದ ನಾಲ್ಕು ಪ್ರದೇಶಗಳಲ್ಲಿ 755 ಅಬೊರಿಜಿನಲ್ ವಯಸ್ಕರನ್ನು ಮಾತಾಡಿಸಿದ ಸಮೀಕ್ಷೆಯೊಂದರಲ್ಲಿ ಶೇ 97 ಮಂದಿ ಹಿಂದಿನ 12 ತಿಂಗಳಲ್ಲಿ ಒಮ್ಮೆಯಾದರೂ ಜನಾಂಗಭೇದ ಎದುರಿಸಿದ್ದರು. ಅದು ನಡೆಯುವ ಜಾಗಗಳಲ್ಲಿ ಅಂಗಡಿ, ಬೀದಿಗಳ ಜೊತೆ ಆಟದ ಮೈದಾನವೂ ಇತ್ತು. ಹೆಚ್ಚು ಸಲ ಎದುರಿಸಿದವರಲ್ಲಿ ಮಾನಸಿಕ ಯಾತನೆಯೂ ಹೆಚ್ಚು. ಮೂಲನಿವಾಸಿಗಳ ಆತ್ಮಹತ್ಯೆ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಮೀರಿರುವ ದೇಶದಲ್ಲಿ, ಮಗುವಿಗೆ ಬಲ ಕೊಡಬೇಕಾದ ಕ್ಲಬ್ಬೇ ಬಲ ಕಸಿಯುವುದು ಸಣ್ಣ ಮಾತಲ್ಲ.

ಬಾಗಿಲು ತೆರೆಯದ ಕಡೆ ಮೂಲನಿವಾಸಿಗಳು ತಮ್ಮದೇ ಆಟದ ಮನೆಗಳನ್ನು ಕಟ್ಟಿಕೊಂಡರು. ಸಿಡ್ನಿಯ ರಗ್ಬಿ ಕ್ಲಬ್ಬುಗಳ ಆಯ್ಕೆಗಾರರ ಕಣ್ಣು ತಮ್ಮ ಹುಡುಗರ ಮೇಲೆ ಬೀಳುವುದಿಲ್ಲ ಎಂದು ಬೇಸತ್ತ ಕೂರಿ ಸಮುದಾಯದ ಯುವಕರು 1971ರಲ್ಲಿ ನಾಕೌಟ್ ಪಂದ್ಯಾವಳಿಯೊಂದನ್ನು ಶುರು ಮಾಡಿದರು. ಕೆಲವೇ ತಂಡಗಳಿಂದ ಆರಂಭವಾದ ಕೂರಿ ನಾಕೌಟ್ ಇಂದು ಪ್ರತಿ ಅಕ್ಟೋಬರಿನಲ್ಲಿ ನಡೆಯುವ ದೊಡ್ಡ ಜಾತ್ರೆ. ಸಮುದಾಯಗಳು ತಂತಮ್ಮ ಊರ ಹೆಸರಿನಲ್ಲಿ ತಂಡ ಕಟ್ಟುತ್ತವೆ, ಚದುರಿದ ಕುಟುಂಬಗಳು ಅಲ್ಲಿ ಕೂಡುತ್ತವೆ. ಉತ್ತರದ ಡಾರ್ವಿನ್ನಿನಲ್ಲಿ ತಿವಿ ದ್ವೀಪಗಳವರಿಗೆ ಆಡಲು ತಂಡ ಬೇಕೆಂದು 1952ರಲ್ಲಿ ಹುಟ್ಟಿದ ಸೇಂಟ್ ಮೇರೀಸ್ ಕ್ಲಬ್ ಆ ಪ್ರಾಂತದ ಬಲಾಢ್ಯ ತಂಡವಾಗಿ ಬೆಳೆಯಿತು.

ಕಮ್ಮರಗುಂಜದ ಪರಂಪರೆಯೂ ಹೀಗೆಯೇ ಮುಂದುವರಿಯಿತು. ವಸಾಹತಿನ ಆಡಳಿತದ ದಬ್ಬಾಳಿಕೆ ತಾಳದೆ 1939ರಲ್ಲಿ ಅಲ್ಲಿನ ಬಹಳ ಜನ ನದಿ ದಾಟಿ ವಿಕ್ಟೋರಿಯಾಕ್ಕೆ ನಡೆದರು. ಷೆಪರ್ಟನ್ ಸುತ್ತ ನೆಲೆಸಿದ ಅವರ ಮಕ್ಕಳು ಮೊಮ್ಮಕ್ಕಳು ರುಂಬಲಾರ ಫುಟ್‌ಬಾಲ್ ನೆಟ್‌ಬಾಲ್ ಕ್ಲಬ್ ಕಟ್ಟಿದರು. ಸುತ್ತಲಿನ ಲೀಗುಗಳು ಹಲವು ಸಲ ಅರ್ಜಿ ತಿರಸ್ಕರಿಸಿದ ಮೇಲೆ 1997ರಲ್ಲಿ ಅವರಿಗೆ ಪ್ರವೇಶ ಸಿಕ್ಕಿತು. ಪಾಲ್ ಬ್ರಿಗ್ಸ್ ಮುಂದಾಳತ್ವದಲ್ಲಿ ರುಂಬಲಾರ ಆಟದ ಜೊತೆಗೆ ಆರೋಗ್ಯ, ಓದು, ಉದ್ಯೋಗವನ್ನೂ ಕೈಗೆತ್ತಿಕೊಂಡಿತು; ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ಕ್ರೀಡೆ, ಆರೋಗ್ಯ, ಶಿಕ್ಷಣಗಳ ಅಕಾಡೆಮಿಯೂ ಹುಟ್ಟಿತು. ಮೆಲ್ಬರ್ನ್ ನಗರದಲ್ಲಿ ಫಿಟ್ಜ್‌ರಾಯ್ ಸ್ಟಾರ್ಸ್ ಎಂಬ ಅಬೊರಿಜಿನಲ್ ಕ್ಲಬ್ಬಿಗೂ ಲೀಗಿನಲ್ಲಿ ಸ್ಥಿರವಾದ ಜಾಗ ಸಿಗಲು 2008ರವರೆಗೆ ಕಾಯಬೇಕಾಯಿತು. ಇಂಥ ಕ್ಲಬ್ಬುಗಳನ್ನು ಪ್ರತ್ಯೇಕತಾವಾದ ಎಂದು ಟೀಕಿಸುವವರು, ಅವು ಹುಟ್ಟುವ ಮೊದಲು ಎಷ್ಟು ಬಾಗಿಲುಗಳನ್ನು ತಟ್ಟಲಾಗಿತ್ತು ಎಂಬುದನ್ನು ಕೇಳುವುದಿಲ್ಲ.

ಗೌರವದ ಕುರುಹುಗಳು ಈಗ ಕಡಿಮೆಯೇನಿಲ್ಲ. ಎಎಫ್‌ಎಲ್‌ನ ಮೂಲನಿವಾಸಿ ಸುತ್ತಿಗೆ 2016ರಿಂದ ಡಗ್ ನಿಕೋಲ್ಸ್ ಹೆಸರಿದೆ. ಮೆಲ್ಬರ್ನಿನ ಬಾಕ್ಸಿಂಗ್ ಡೇ ಟೆಸ್ಟಿನ ಉತ್ತಮ ಆಟಗಾರನಿಗೆ 2020ರಿಂದ ಜಾನಿ ಮುಲ್ಲಾ ಪದಕ ಕೊಡುತ್ತಾರೆ. ಮೊದಲ ವರ್ಷ ಅದು ಅಜಿಂಕ್ಯ ರಹಾನೆಗೆ ಸಿಕ್ಕಿತು. ಮರುವರ್ಷ ಇಂಗ್ಲೆಂಡ್ ವಿರುದ್ಧ 7 ರನ್ನಿಗೆ 6 ವಿಕೆಟ್ ಕಿತ್ತ ಸ್ಕಾಟ್ ಬೋಲಂಡ್ ಅದನ್ನು ಪಡೆದರು, ಅವರೂ ಮೂಲನಿವಾಸಿ ಮೂಲದವರು. ಊರ ಕ್ಲಬ್ಬುಗಳೂ ವರ್ಷಕ್ಕೊಮ್ಮೆ ಅಬೊರಿಜಿನಲ್ ಚಿತ್ತಾರದ ಜರ್ಸಿ ತೊಟ್ಟು ಆಡುತ್ತವೆ. ಇವು ಬೇಕು, ಆದರೆ ಜರ್ಸಿ ಬದಲಿಸುವುದು ಸುಲಭ, ವಿಚಾರಣಾ ಮಂಡಳಿ ಬದಲಿಸುವುದು ಕಷ್ಟ. ಮೂಲನಿವಾಸಿ ಸಂಘಟನೆಗಳು ಮತ್ತೆ ಮತ್ತೆ ಕೇಳುತ್ತಿರುವುದು ಎರಡನೆಯದನ್ನು. ದೂರನ್ನು ಊರ ಲೀಗಿನಿಂದ ಹೊರಗಿನ ಸ್ವತಂತ್ರ ಸಂಸ್ಥೆ ವಿಚಾರಿಸಬೇಕು, ತೀರ್ಪು ಕೊಡುವವರಲ್ಲಿ ಮೂಲನಿವಾಸಿಗಳಿರಬೇಕು, ಪ್ರೇಕ್ಷಕರ ನಿಂದನೆಗೆ ಅವರ ಕ್ಲಬ್ಬನ್ನೇ ಹೊಣೆ ಮಾಡಿ ಅಂಕ ಕಡಿತ ಮಾಡಬೇಕು, ಪಂದ್ಯ ನಿಲ್ಲಿಸುವ ಅಧಿಕಾರ ಅಂಪೈರಿಗಿರಬೇಕು, ಲೀಗಿನ ಆಡಳಿತ ಮಂಡಳಿಯಲ್ಲಿ ಅಬೊರಿಜಿನಲ್ ಕ್ಲಬ್ಬುಗಳಿಗೆ ಮತವಿರಬೇಕು. ಕ್ರೀಡೆಯ ನೈತಿಕತೆ ಕಾಯಲು 2020ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಬಂದಿದೆಯಾದರೂ, ಶನಿವಾರದ ಪಂದ್ಯದಲ್ಲಿ ಬೈಸಿಕೊಂಡ ಹುಡುಗನ ದೂರು ಇಂದಿಗೂ ಮೊದಲು ತಲುಪುವುದು ಬಹುತೇಕ ಅವನದೇ ಲೀಗಿನ ಕಾರ್ಯದರ್ಶಿಯ ಮೇಜಿಗೆ.